ಬಸ್ಸಿನಲ್ಲಿ ಓದಿದ 'ಡೆಡ್‌ಲೈನ್'

2011ರ ಫೆಬ್ರವರಿಯ ಒಂದು ಗುರುವಾರ ಸಂಜೆ, ಅಮೆರಿಕದ ಗ್ರಾಹಕ ಕಂಪನಿಯವರ ಜೊತೆ ನಡೆದ ಫೋನ್ ಸಭೆಯಲ್ಲಿ ನಾನು "ಆಗುತ್ತದೆ" ಎಂದುಬಿಟ್ಟೆ. ಮೇಜಿನ ಸುತ್ತ ಕುಳಿತಿದ್ದ ನಾಲ್ವರೂ ತಲೆ ತಗ್ಗಿಸಿ ತಮ್ಮ ತಮ್ಮ ನೋಟ್ ಪುಸ್ತಕಗಳಲ್ಲಿ ಏನನ್ನೋ ಗೀಚತೊಡಗಿದರು. ಸೆಪ್ಟೆಂಬರ್ ಕೊನೆಯೊಳಗೆ ಅವರ ಗೋದಾಮುಗಳ ತಂತ್ರಾಂಶ ಸಿದ್ಧವಾಗುತ್ತದೆ ಎಂದು ನಂಬಿದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ನಾನೂ ನಂಬಿರಲಿಲ್ಲ. ಆದರೂ ಹೇಳಿದೆ. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಅದು ನನ್ನ ಮೊದಲ ಕೆಲಸ. ಆಗುವುದಿಲ್ಲ ಎಂದು ಹೇಳುವುದೂ ಆ ಕೆಲಸದ ಭಾಗವೆಂದು ನನಗೆ ಯಾರೂ ಕಲಿಸಿರಲಿಲ್ಲ.

ತರಬೇತಿ ಆಗಿತ್ತು. ಮೂರು ದಿನ ಹೋಟೆಲ್ಲೊಂದರ ಸಭಾಂಗಣದಲ್ಲಿ ಕೂರಿಸಿ ಯಾವ ಕೆಲಸ ಯಾವಾಗ ನಡೆಯಬೇಕೆಂದು ಪಟ್ಟಿಗಳಲ್ಲಿ ತೋರಿಸುವ ಗ್ಯಾಂಟ್ ಚಾರ್ಟ್ ಬಿಡಿಸುವುದು ಹೇಗೆ ಎಂದು ಹೇಳಿಕೊಟ್ಟಿದ್ದರು. 1950ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯಲ್ಲಿ ರೂಪುಗೊಂಡ, ಯಾವ ಕೆಲಸಗಳು ತಡವಾದರೆ ಇಡೀ ಯೋಜನೆ ತಡವಾಗುತ್ತದೆ ಎಂದು ಹುಡುಕುವ ಕ್ರಿಟಿಕಲ್ ಪಾತ್, ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿಗಾಗಿ ಹುಟ್ಟಿದ, ಕೆಲಸದ ಅವಧಿಯನ್ನು ಅಂದಾಜಿಸುವ ಪರ್ಟ್, ಎಲ್ಲವನ್ನೂ ಬರೆದುಕೊಂಡಿದ್ದೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳೂ ಬಂದಿದ್ದವು. ಆ ಜ್ಞಾನವನ್ನು ನಾನು ಇಂದಿಗೂ ಹಗುರವಾಗಿ ಕಾಣುವುದಿಲ್ಲ. ಯಾವ ಕೆಲಸ ಯಾವುದಕ್ಕೆ ಕಾಯುತ್ತಿದೆ ಎಂದು ಕಾಗದದ ಮೇಲೆ ಕಾಣಿಸುವ ವಿದ್ಯೆ ಸಣ್ಣದಲ್ಲ. ಆದರೆ ಆ ಚಾರ್ಟಿನಲ್ಲಿ ಪ್ರತಿಯೊಬ್ಬ ಮನುಷ್ಯನೂ ಒಂದು ಬಣ್ಣದ ಪಟ್ಟಿಯಾಗಿ ಕಾಣುತ್ತಿದ್ದ. ಕಚೇರಿಯಲ್ಲಿ ನಾವು ಜನರನ್ನು 'ರಿಸೋರ್ಸ್' ಎಂದೇ ಕರೆಯುತ್ತಿದ್ದೆವು. "ಇನ್ನೆರಡು ರಿಸೋರ್ಸ್ ಕೊಡಿ" ಎಂದು ನಾನೇ ಎಷ್ಟೋ ಸಲ ಕೇಳಿದ್ದೇನೆ. ಆ ಪದ ನನ್ನ ಬಾಯಿಂದ ಬಿಟ್ಟುಹೋದದ್ದು ಮುಂದೆ ಹೇಳುವ ಪುಸ್ತಕವನ್ನು ಓದಿದ ಮೇಲೆ.

ಆ ಸಭೆಯ ಮರುವಾರ, ಮೇನ್‌ಫ್ರೇಮ್ ಎಂಬ ಹಳೆಯ ದೊಡ್ಡ ಕಂಪ್ಯೂಟರುಗಳ ಕಾಲದಿಂದಲೂ ಈ ವೃತ್ತಿಯಲ್ಲಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಊಟದ ಹೊತ್ತಿನಲ್ಲಿ ನನ್ನ ಮುಂದೆ ಒಂದು ಹಳೆಯ ಪುಸ್ತಕ ಇಟ್ಟರು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಪ್ರತಿ. ಟಾಮ್ ಡಿಮಾರ್ಕೊ ಬರೆದ 'ದಿ ಡೆಡ್‌ಲೈನ್', 1997ರಲ್ಲಿ ಪ್ರಕಟವಾದದ್ದು. ಡಿಮಾರ್ಕೊ ಅವರ ಹೆಸರು ನನಗೆ ಗೊತ್ತಿತ್ತು. ತಿಮೊಥಿ ಲಿಸ್ಟರ್ ಜೊತೆ ಅವರು 1987ರಲ್ಲಿ ಬರೆದ 'ಪೀಪಲ್‌ವೇರ್' ನಮ್ಮ ವೃತ್ತಿಯಲ್ಲಿ ಹೆಸರಾದ ಕೃತಿ. ಇದು ಮಾತ್ರ ಕಾದಂಬರಿ ಎಂದು ತಿಳಿದು ನನಗೆ ಆಶ್ಚರ್ಯವಾಯಿತು. "ಪಠ್ಯವೆಂದು ಓದಬೇಡಿ, ಮೇಡಂ. ಕತೆಯೆಂದೇ ಓದಿ. ಮೊದಲ ಸಲ ಪೆನ್ನು ಹಿಡಿಯಲೇಬೇಡಿ" ಎಂದರು.

ಬನಶಂಕರಿಯಿಂದ ವೈಟ್‌ಫೀಲ್ಡಿಗೆ ಹೋಗುವ 'ವಜ್ರ' ಎಂಬ ಹವಾನಿಯಂತ್ರಿತ ನಗರ ಬಸ್ಸಿನಲ್ಲಿ ಓದತೊಡಗಿದೆ. ಸಿಲ್ಕ್ ಬೋರ್ಡ್ ವೃತ್ತದಲ್ಲಿ ಬಸ್ಸು ನಿಂತರೆ ಒಂದು ಅಧ್ಯಾಯ ಮುಗಿಯುವಷ್ಟು ಸಮಯ ಸಿಗುತ್ತಿತ್ತು. ಕತೆ ಹಿಡಿದು ಕೂರಿಸುವಂಥದ್ದು. ವೆಬ್‌ಸ್ಟರ್ ಟಾಂಪ್‌ಕಿನ್ಸ್ ಎಂಬ ನಡುವಯಸ್ಸಿನ ಮ್ಯಾನೇಜರನನ್ನು ದೊಡ್ಡ ದೂರಸಂಪರ್ಕ ಕಂಪನಿಯೊಂದು ಕೆಲಸದಿಂದ ತೆಗೆಯುತ್ತದೆ. ಕೆಲಸ ಕಳೆದುಕೊಂಡವರಿಗಾಗಿಯೇ ಏರ್ಪಡಿಸಿದ ಸಭೆಯಲ್ಲಿ ಆತನಿಗೆ ಲಾಕ್ಸಾ ಹೂಲಿಹಾನ್ ಎಂಬ ಚತುರೆ ಭೇಟಿಯಾಗುತ್ತಾಳೆ. ಆಕೆ ಗೂಢಚಾರಿಣಿ. ಮಾತನಾಡುತ್ತಲೇ ಆತನಿಗೆ ಅಮಲಿನ ಔಷಧ ಕೊಟ್ಟು ಹೊತ್ತೊಯ್ಯುತ್ತಾಳೆ. ಎಚ್ಚರವಾದಾಗ ಆತ ಇರುವುದು ಮೊರೋವಿಯಾ ಎಂಬ ಕಾಲ್ಪನಿಕ ದೇಶದಲ್ಲಿ, ಒಂದು ಕಾಲಕ್ಕೆ ಸೋವಿಯತ್ ಕೂಟದಲ್ಲಿದ್ದ ನಾಡಿನಲ್ಲಿ. ಆ ದೇಶದ ನಾಯಕನಿಗೆ ತಂತ್ರಾಂಶ ರಫ್ತಿನಲ್ಲಿ ಜಗತ್ತಿನ ಮುಂದಾಳಾಗುವ ಆಸೆ. ಅದನ್ನು ನಡೆಸಿಕೊಡುವುದು ಟಾಂಪ್‌ಕಿನ್ಸ್‌ನ ಹೊಣೆ.

ಅಪಹರಣಕ್ಕೊಳಗಾದವನು ತಪ್ಪಿಸಿಕೊಳ್ಳುವ ಉಪಾಯ ಹುಡುಕುತ್ತಾನೆ ಎಂದು ನಾನು ಭಾವಿಸಿದ್ದೆ. ಆತ ಮಾಡಿದ್ದು ಬೇರೆ. ತನಗೆ ಸಿಕ್ಕಿರುವುದು ಬಾಳಿನಲ್ಲಿ ಯಾವ ಮ್ಯಾನೇಜರಿಗೂ ಸಿಗದ ಅವಕಾಶವೆಂದು ಅವನಿಗೆ ಹೊಳೆಯುತ್ತದೆ. ಆರು ಉತ್ಪನ್ನಗಳು ತಯಾರಾಗಬೇಕು, ಪ್ರೋಗ್ರಾಮರುಗಳಿಗೆ ಕೊರತೆಯಿಲ್ಲ. ಹಾಗಾದರೆ ಪ್ರತಿಯೊಂದು ಉತ್ಪನ್ನವನ್ನೂ ಮೂರು ಬೇರೆ ಬೇರೆ ತಂಡಗಳಿಗೆ ಕೊಟ್ಟರೆ? ಒಟ್ಟು ಹದಿನೆಂಟು ತಂಡಗಳು. ಕೆಲಸ ಒಂದೇ, ನಡೆಸುವ ರೀತಿ ಬೇರೆ. ಕೊನೆಗೆ ಯಾವುದು ಫಲಿಸಿತು, ಏಕೆ ಫಲಿಸಿತು ಎಂದು ನೋಡಬಹುದು.

ಈ ಭಾಗ ಓದಿದ ದಿನ ನಾನು ಇಳಿಯಬೇಕಾದ ನಿಲ್ದಾಣ ದಾಟಿಹೋಗಿತ್ತು. ನಮ್ಮ ವೃತ್ತಿಯ ದೊಡ್ಡ ಕೊರತೆಯೇ ಅದು ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ರೈತ ಒಂದೇ ಹೊಲದ ಎರಡು ಮಡಿಗಳಲ್ಲಿ ಎರಡು ತಳಿ ಬಿತ್ತಿ ನೋಡಬಲ್ಲ. ನಾವು ಒಂದು ಪ್ರಾಜೆಕ್ಟನ್ನು ಒಮ್ಮೆ ಮಾತ್ರ ಮಾಡುತ್ತೇವೆ. ಸೋತರೆ ಜನ ಸಾಲಲಿಲ್ಲ ಎನ್ನುತ್ತೇವೆ, ಗೆದ್ದರೆ ಒತ್ತಡ ಹಾಕಿದ್ದರಿಂದ ಗೆದ್ದೆವು ಎನ್ನುತ್ತೇವೆ. ಎರಡೂ ಊಹೆಗಳೇ. ಬೇರೆ ರೀತಿ ಮಾಡಿದ್ದರೆ ಏನಾಗುತ್ತಿತ್ತು ಎಂದು ನೋಡಿದವರು ಯಾರೂ ಇಲ್ಲ. ಇಪ್ಪತ್ತು ವರ್ಷ ಅನುಭವವಿದ್ದವರೂ ಒಂದೇ ನಂಬಿಕೆಯನ್ನು ಇಪ್ಪತ್ತು ವರ್ಷ ಹೊತ್ತು ತಿರುಗುವುದು ಇದರಿಂದಲೇ. ಡಿಮಾರ್ಕೊ ಕಟ್ಟಿದ ಪ್ರಯೋಗಶಾಲೆ ಕಲ್ಪನೆಯದು, ಅದರ ಫಲಿತಾಂಶ ಯಾವುದಕ್ಕೂ ಸಾಕ್ಷಿಯಲ್ಲ ಎಂಬುದು ನನಗೆ ಗೊತ್ತಿದೆ. ಆದರೆ ಅದು ನನ್ನ ಊಹೆಗಳನ್ನು ಊಹೆಗಳೆಂದು ತೋರಿಸಿಕೊಟ್ಟಿತು.

ಕಾದಂಬರಿಯಲ್ಲಿ ಖಳನೂ ಇದ್ದಾನೆ. ಬೆಲಾಕ್ ಎಂಬ ಮಂತ್ರಿ. ಮೊರೋವಿಯಾದ ನಾಯಕ ದೇಶದಲ್ಲಿ ಇಲ್ಲದ ಹೊತ್ತಿನಲ್ಲಿ ಅಧಿಕಾರ ಹಿಡಿದವನು ಮುಗಿಸಲಾಗದ ದಿನಾಂಕ ಕೊಡುತ್ತಾನೆ, ಬೆದರಿಸುತ್ತಾನೆ, ಮೊದಲ ದಿನದಿಂದಲೇ ತಂಡಗಳಲ್ಲಿ ಜನ ತುಂಬಿರಬೇಕು ಎನ್ನುತ್ತಾನೆ. ತಂತ್ರಾಂಶದ ವಿನ್ಯಾಸ, ಅಂದರೆ ಅದರ ಭಾಗಗಳ ನಕ್ಷೆ, ಮುಗಿಯುವ ಮುನ್ನವೇ ಜನ ತುಂಬಿದರೆ ಏನಾಗುತ್ತದೆ ಎಂದು ಟಾಂಪ್‌ಕಿನ್ಸ್ ತನ್ನ ದಿನಚರಿಯಲ್ಲಿ ಬರೆದುಕೊಳ್ಳುತ್ತಾನೆ. ಅಷ್ಟು ಜನರಿಗೆ ಕೆಲಸ ಹಂಚಲೇಬೇಕು, ಅದಕ್ಕಾಗಿ ವಿನ್ಯಾಸವನ್ನು ಅರ್ಧಕ್ಕೇ ಕಡಿದು ತುಂಡುಗಳಾಗಿ ಹಂಚಿಬಿಡುತ್ತೇವೆ, ಆ ತುಂಡುಗಳು ಮುಂದೆ ಒಂದಕ್ಕೊಂದು ಕೂಡುವುದಿಲ್ಲ. ಸಭೆಗಳು ಹೆಚ್ಚುತ್ತವೆ, ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

ನಾನು ಪುಸ್ತಕ ಮುಚ್ಚಿ ನಮ್ಮ ತಂಡದ ಲೆಕ್ಕ ಹಾಕಿದೆ. ಹದಿನಾಲ್ಕು ಜನ. ಇಬ್ಬರ ನಡುವೆ ಒಂದು ಮಾತುಕತೆಯ ದಾರಿ ಎಂದುಕೊಂಡರೂ ತೊಂಬತ್ತೊಂದು ದಾರಿಗಳು. ಐವರಿದ್ದರೆ ಹತ್ತೇ. ತಡವಾದ ತಂತ್ರಾಂಶ ಕೆಲಸಕ್ಕೆ ಇನ್ನಷ್ಟು ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಐಬಿಎಂನ ಓಎಸ್/360 ಎಂಬ ಕಂಪ್ಯೂಟರ್ ಕಾರ್ಯಾಚರಣೆ ವ್ಯವಸ್ಥೆಯ ತಯಾರಿಕೆಯನ್ನು ಮುನ್ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ಅದನ್ನು ನಾನು ಓದಿಯೂ ಇದ್ದೆ. ಆದರೆ ನಮ್ಮ ತಂಡ ತಡವಾಗಿರಲಿಲ್ಲ, ಆಗಷ್ಟೇ ಶುರುವಾಗಿತ್ತು. ಹಾಗಾಗಿ ಆ ಮಾತು ನಮಗಲ್ಲ ಎಂದುಕೊಂಡಿದ್ದೆ. ವಿನ್ಯಾಸ ಮಾಡಬಲ್ಲವರು ನಮ್ಮಲ್ಲಿ ಇಬ್ಬರು. ಉಳಿದ ಹನ್ನೆರಡು ಜನರಿಗೆ ಅವರಿಬ್ಬರೂ ದಿನವಿಡೀ ಕೆಲಸ ಹುಡುಕಿಕೊಡುತ್ತಿದ್ದರು. ವಿನ್ಯಾಸ ರಾತ್ರಿ ಒಂಬತ್ತರ ಮೇಲೆ ನಡೆಯುತ್ತಿತ್ತು.

ನಮ್ಮಲ್ಲಿ ಹದಿನಾಲ್ಕು ಜನ ಮೊದಲ ದಿನವೇ ಬಂದು ಕೂರಲು ಬೆಲಾಕ್‌ನಂಥ ಮಂತ್ರಿ ಬೇಕಾಗಿರಲಿಲ್ಲ. ಸೇವಾ ಕಂಪನಿಗಳಲ್ಲಿ ಗ್ರಾಹಕರಿಗೆ ತಲೆಗೆ ಇಷ್ಟು, ತಿಂಗಳಿಗೆ ಇಷ್ಟು ಎಂದು ಬಿಲ್ ಹೋಗುವ ಒಪ್ಪಂದಗಳಿರುತ್ತವೆ. ನಮ್ಮದೂ ಅಂಥದ್ದು. ಕೆಲಸವಿಲ್ಲದೆ ಬೆಂಚಿನಲ್ಲಿರುವವರನ್ನು ಪ್ರಾಜೆಕ್ಟಿಗೆ ಸೇರಿಸಿದ ದಿನದಿಂದಲೇ ಆದಾಯ ಶುರು. ಯಾರಿಗೂ ಕೆಟ್ಟ ಉದ್ದೇಶವಿಲ್ಲ, ಆದರೂ ವಿನ್ಯಾಸಕ್ಕೆ ಬೇಕಾದ ನೆಮ್ಮದಿ ಮೊದಲ ದಿನವೇ ಹೋಗಿರುತ್ತದೆ. ಕಾದಂಬರಿಯಲ್ಲಿ ಈ ಕಾರಣ ಇಲ್ಲ. ಬೆಂಗಳೂರಿನಲ್ಲಿ ಕೂತು ಓದಿದ್ದರಿಂದ ನನಗೆ ಅದು ಕಂಡಿತು.

ಆ ತಿಂಗಳು ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ನಮ್ಮದು ಸಾಗರದ ಕಡೆಯ ಅಡಿಕೆ ತೋಟ. ಅಪ್ಪ ತುಸು ಯೋಚಿಸಿ ಕೊಯ್ಲಿನ ಮಾತೆತ್ತಿದರು. "ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವವರು ನಾಲ್ವರು ಸಿಕ್ಕರು ಎಂದು ನಾಲ್ವರನ್ನೂ ಮರ ಹತ್ತಿಸಿದರೆ ಏನಾಗುತ್ತದೆ? ಸುಲಿಯುವವರ ಮುಂದೆ ರಾಶಿ ಬೀಳುತ್ತದೆ. ಸುಲಿಯಲು ಇನ್ನೂ ಹತ್ತು ಜನ ಕರೆಸಿದೆ ಎನ್ನು, ಬೇಯಿಸುವ ಹಂಡೆ ಇರುವುದು ಒಂದೇ. ಸುಲಿದದ್ದು ಹಾಗೇ ಕೂತರೆ ಬಣ್ಣ ಕೆಡುತ್ತದೆ. ನಾನು ಮೊದಲು ನೋಡುವುದು ಹಂಡೆಯನ್ನು. ಅದಕ್ಕೆ ತಕ್ಕಷ್ಟು ಮಾತ್ರ ಕೊನೆ ಇಳಿಸುತ್ತೇನೆ." ನಮ್ಮ ಹಂಡೆ ಆ ಇಬ್ಬರು ವಿನ್ಯಾಸಕರು. ಮೂರು ದಿನದ ತರಬೇತಿಯಲ್ಲಿ ನನ್ನ ತಲೆಗೆ ಹೋಗದ ಸಂಗತಿ ಅಡಿಕೆ ಚಪ್ಪರದ ಕೆಳಗೆ ನಿಂತಾಗ ಹೋಯಿತು. ಕತೆ ಓದಿರದಿದ್ದರೆ ನಾನು ಅಪ್ಪನಿಗೆ ಆ ಪ್ರಶ್ನೆ ಕೇಳುತ್ತಲೇ ಇರಲಿಲ್ಲ.

ಇಷ್ಟು ದಿನವೂ ನಾನು ಓದುತ್ತಿದ್ದುದು ಟಾಂಪ್‌ಕಿನ್ಸ್ ಆಗಿ. ಆತನಿಗೆ ಒದಗುವ ಕಷ್ಟ ನನ್ನದು, ಬೆಲಾಕ್ ಬೇರೆ ಯಾರೋ. ಒಂದು ಶನಿವಾರ ಅದು ತಲೆಕೆಳಗಾಯಿತು. ಆ ಹೊತ್ತಿಗೆ ನಮ್ಮಲ್ಲಿ ಶನಿವಾರದ ಕೆಲಸ ರೂಢಿಯಾಗಿತ್ತು. ಹುಡುಗನೊಬ್ಬ ಬಂದು, ಭಾನುವಾರ ತಂಗಿಯ ನಿಶ್ಚಿತಾರ್ಥವಿದೆ, ಮಧ್ಯಾಹ್ನ ಹೊರಡಬಹುದೇ ಎಂದು ಕೇಳಿದ. "ಹೋಗಿ. ಆದರೆ ಎಲ್ಲರೂ ಹೀಗೆ ಹೊರಟರೆ ಸೆಪ್ಟೆಂಬರ್‌ಗೆ ಏನು ಹೇಳುವುದು, ನೀವೇ ಯೋಚಿಸಿ" ಎಂದೆ. ಅವನು ಹೋಗಲಿಲ್ಲ. ಮರಳಿ ಕುಳಿತು ರಾತ್ರಿ ಎಂಟರವರೆಗೆ ಕೆಲಸ ಮಾಡಿ ಕಡೆಯ ಬಸ್ಸು ಹಿಡಿದ.

ಅಂದು ಬಸ್ಸಿನಲ್ಲಿ ಪುಸ್ತಕ ತೆರೆದರೆ ಬೆಲಾಕ್‌ನ ದರ್ಬಾರು. ಸ್ವರ ಬೇರೆ, ಅರ್ಥ ನನ್ನದೇ. ನಾನು ಮೆದುವಾಗಿ ಹೇಳಿದ್ದನ್ನು ಅವನು ಗದರಿ ಹೇಳುತ್ತಿದ್ದ, ಅಷ್ಟೇ. ಒಂದೂವರೆ ಗಂಟೆ ಆ ಪುಟ ತಿರುವದೆ ಕುಳಿತಿದ್ದೆ. ಯಾವ ಪಠ್ಯಪುಸ್ತಕವೂ ನನ್ನನ್ನು ಹೀಗೆ ಹೊರಗಿನಿಂದ ತೋರಿಸಿರಲಿಲ್ಲ. ತಂಡಕ್ಕೆ ಅತಿಯಾದ ಒತ್ತಡ ಒಳ್ಳೆಯದಲ್ಲ ಎಂಬ ವಾಕ್ಯವನ್ನು ಓದಿದಾಗ ನಾನು ಒಪ್ಪಿ ಮುಂದೆ ಹೋಗುತ್ತೇನೆ, ಒತ್ತಡ ಹಾಕುವವರು ಸದಾ ನನ್ನ ಮೇಲಿನವರೆಂದು ನನ್ನ ಮನಸ್ಸು ಓದಿಕೊಳ್ಳುತ್ತದೆ. ಕಾದಂಬರಿಯಲ್ಲಿ ಮಾತ್ರ ಆ ಒತ್ತಡಕ್ಕೊಂದು ಮುಖವಿತ್ತು, ಆ ಮುಖ ನನ್ನದನ್ನು ಹೋಲುತ್ತಿತ್ತು.

ಒತ್ತಡದ ಕೆಳಗೆ ಜನರ ಯೋಚನೆ ಚುರುಕಾಗುವುದಿಲ್ಲ ಎಂಬುದು ಟಾಂಪ್‌ಕಿನ್ಸ್‌ನ ಟಿಪ್ಪಣಿಗಳಲ್ಲಿ ಒಂದು. ಅದರ ಜೊತೆಗೆ ಇನ್ನೊಂದು ಕಹಿಯಾದ ಅನುಮಾನವೂ ಇದೆ: ಇಷ್ಟೆಲ್ಲ ಒತ್ತಡ, ಹೆಚ್ಚುವರಿ ದುಡಿತ ಎಲ್ಲವೂ ಕೆಲಸ ಸೋತಾಗ ಎಲ್ಲರೂ ಪ್ರಯತ್ನಪಟ್ಟಂತೆ ಕಾಣಲೆಂದೇ ಇರಬಹುದು. ಸೋಮವಾರ ನಮ್ಮ ದಾಖಲೆಗಳನ್ನು ತೆಗೆದು ಕುಳಿತೆ. ಶನಿವಾರಗಳಂದು ಬರೆದ ಕೋಡಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುಂದಿನ ವಾರ ತಿದ್ದಿದ್ದೆವು. ತಿದ್ದಲು ಹಿಡಿದ ಹೊತ್ತು ಶನಿವಾರ ಗಳಿಸಿದ ಹೊತ್ತಿಗಿಂತ ಜಾಸ್ತಿ. ಅಂದೇ ಶನಿವಾರದ ಕೆಲಸ ನಿಲ್ಲಿಸಿದೆ. ಆ ಹುಡುಗನನ್ನು ಕರೆದು ಕ್ಷಮೆ ಕೇಳಿದೆ. ಅವನು "ಪರವಾಗಿಲ್ಲ ಮೇಡಂ" ಎಂದ. ಎರಡು ತಿಂಗಳ ನಂತರ ಬೇರೆ ಕೆಲಸಕ್ಕೆ ಸೇರಿದ. ಆ ನೋವು ಹಾಗೇ ಇದೆ.

ಮೇಲಿನವರ ಬಳಿ ಹೋಗಿ, ಆರು ಜನರನ್ನು ಎರಡು ತಿಂಗಳು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಕೇಳಿದಾಗ ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ಜನ ಹೆಚ್ಚು ಕೇಳುವ ಮ್ಯಾನೇಜರುಗಳನ್ನಷ್ಟೇ ಅವರು ಕಂಡಿದ್ದರು. ಬಿಲ್ಲಿನ ಪ್ರಶ್ನೆ ಬಂತು. ಒಂದು ವಾರ ಜಗ್ಗಾಡಿ ಮೂವರನ್ನು ಬಿಟ್ಟುಕೊಟ್ಟರು. ಇನ್ನು ಐವರನ್ನು ವಿನ್ಯಾಸಕರ ಬಳಿ ಸುಳಿಯದಂತೆ ಗೋದಾಮಿನ ವ್ಯವಹಾರ ಕಲಿಯಲು, ಪರೀಕ್ಷೆಗೆ ಬೇಕಾದ ಮಾಹಿತಿ ಸಿದ್ಧಪಡಿಸಲು ಹಚ್ಚಿದೆ. ವಿನ್ಯಾಸಕರಿಬ್ಬರೂ ಮೊದಲ ಬಾರಿಗೆ ಸಂಜೆ ಆರಕ್ಕೆ ಮನೆಗೆ ಹೋದರು.

ಪುಸ್ತಕದಿಂದ ನಾನು ಪೂರ್ತಿಯಾಗಿ ಎತ್ತಿಕೊಂಡದ್ದು ಅಪಾಯದ ಪಟ್ಟಿ. ಪ್ರಾಜೆಕ್ಟ್ ನಡೆಸುವುದೆಂದರೆ ಅದರ ಅಪಾಯಗಳನ್ನು ನಿಭಾಯಿಸುವುದೇ ಎಂಬುದು ಡಿಮಾರ್ಕೊ ಅವರ ನಿಲುವು. ದಿನಾಂಕ ತಪ್ಪಬಹುದು ಎಂದು ಬರೆದುಕೊಂಡರೆ ಪ್ರಯೋಜನವಿಲ್ಲ, ಅದು ಕೊನೆಯ ಅನಾಹುತ. ಅದನ್ನು ತಂದೊಡ್ಡುವ ಕಾರಣಗಳನ್ನು ಬರೆಯಬೇಕು. ಪ್ರತಿಯೊಂದರ ಎದುರು, ಅದು ಸಂಭವಿಸುತ್ತಿದೆ ಎಂದು ಎಲ್ಲಕ್ಕಿಂತ ಮೊದಲು ತಿಳಿಸುವ ಲಕ್ಷಣ ಯಾವುದು ಎಂದೂ ಬರೆಯಬೇಕು. ಮತ್ತು ಅಪಾಯಗಳ ಮೇಲೆ ಕಣ್ಣಿಡಲು ಒಬ್ಬರನ್ನು ನೇಮಿಸಬೇಕು. ಉಳಿದವರೆಲ್ಲ ಆಗುತ್ತದೆ ಎನ್ನುವಾಗ ಆಗಲಿಕ್ಕಿಲ್ಲ ಎನ್ನುವುದು ಅವರ ಕೆಲಸ, ಅದಕ್ಕಾಗಿ ಅವರನ್ನು ಯಾರೂ ದೂರುವಂತಿಲ್ಲ.

ನಾನು ಆರಿಸಿದ್ದು ಪರೀಕ್ಷಾ ವಿಭಾಗದಲ್ಲಿದ್ದ ಬೀದರಿನ ಹುಡುಗಿಯನ್ನು. ತಂಡದಲ್ಲಿ ಎಲ್ಲರಿಗಿಂತ ಕಿರಿಯಳು, ಮಾತು ಕಡಿಮೆ. ಪ್ರತಿ ಬುಧವಾರ ಹನ್ನೊಂದು ಗಂಟೆಗೆ ಅರ್ಧ ತಾಸು ಅವಳದು. ಮೊದಲ ಎರಡು ಬುಧವಾರ ಅವಳು ಹೆಚ್ಚೇನೂ ಹೇಳಲಿಲ್ಲ. ಮೂರನೆಯ ವಾರ ಪಟ್ಟಿಯ ಏಳನೆಯ ಸಾಲಿಗೆ ಬೆರಳಿಟ್ಟಳು. ಗೋದಾಮಿನಲ್ಲಿ ಬಳಸುವ ಬಾರ್‌ಕೋಡ್ ಸ್ಕ್ಯಾನರುಗಳನ್ನು ಗ್ರಾಹಕರು ನಮಗೆ ಪರೀಕ್ಷೆಗೆ ಕಳುಹಿಸಬೇಕಿತ್ತು. ಹದಿನೈದನೆಯ ತಾರೀಖಿನೊಳಗೆ ಸಾಗಣೆಯ ಸಂಖ್ಯೆ ಬಾರದಿದ್ದರೆ ಅದು ಮೊದಲ ಲಕ್ಷಣ ಎಂದು ಬರೆದಿದ್ದೆವು. "ಇಂದು ಹದಿನೆಂಟು, ಮೇಡಂ. ಸಂಖ್ಯೆ ಬಂದಿಲ್ಲ. ಸ್ಕ್ಯಾನರುಗಳು ಜೂನ್‌ಗೆ ಬರುವುದಿಲ್ಲ" ಎಂದಳು. ನನ್ನೊಳಗೆ ಕೋಪ ಏರಿತು. ಕೋಪವೆಂದರೆ ಅಂಜಿಕೆಯ ಇನ್ನೊಂದು ರೂಪ ಎಂಬ ಮಾತೂ ಕಾದಂಬರಿಯಲ್ಲಿ ಬರುತ್ತದೆ. ನಾನು ಅಂಜಿದ್ದು ನಿಜ. ಒಂದು ಲೋಟ ನೀರು ಕುಡಿದು, "ಸರಿ. ಬಾರದಿದ್ದರೆ ಏನು ಮಾಡೋಣ?" ಎಂದೆ. ಇದನ್ನು ಹಿಂದೆಯೇ ಏಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದಾಗ, "ನೀವು ಬೇಸರ ಮಾಡಿಕೊಳ್ಳುತ್ತೀರಿ ಎಂದು ಸುಮ್ಮನಿದ್ದೆ" ಎಂದಳು. ಎಷ್ಟು ಸುದ್ದಿಗಳು ಹಾಗೆ ನನ್ನ ಮುಖ ನೋಡಿ ಹಿಂದಿರುಗಿದ್ದವೋ.

ಸ್ಕ್ಯಾನರಿನಂತೆಯೇ ನಡೆಯುವ ಒಂದು ಸಣ್ಣ ಪ್ರೋಗ್ರಾಮನ್ನು ನಾವೇ ಬರೆದುಕೊಂಡೆವು. ಸ್ಕ್ಯಾನರುಗಳು ಬಂದದ್ದು ಆಗಸ್ಟಿನಲ್ಲಿ. ಮೇ ತಿಂಗಳ ಸಭೆಯಲ್ಲಿ ಗ್ರಾಹಕರ ಮುಂದೆ ಪಟ್ಟಿಯನ್ನು ಹಾಗೆಯೇ ಇಟ್ಟು, ಸೆಪ್ಟೆಂಬರ್ ಎಂದು ನಾನು ಹೇಳಿದ್ದು ತಪ್ಪಾಗಿತ್ತು, ಅಕ್ಟೋಬರ್ ಮೂರನೆಯ ವಾರ ಎಂದು ತಿಳಿಸಿದೆ. ಬಿರುಸಾದ ಮಾತುಗಳು ಬಂದವು. ಆದರೆ ಐದು ತಿಂಗಳು ಮೊದಲೇ ತಿಳಿದದ್ದರಿಂದ ಅವರು ಗೋದಾಮಿನ ಸಿಬ್ಬಂದಿಯ ತರಬೇತಿಯನ್ನು ಮುಂದೂಡಿಕೊಂಡರು. ಅಕ್ಟೋಬರ್ ಮೂರನೆಯ ವಾರವೇ ಕೆಲಸ ಮುಗಿಯಿತು.

ಪುಸ್ತಕದ ಬಗ್ಗೆ ನನಗೆ ತಕರಾರುಗಳೂ ಇವೆ. ಮೊರೋವಿಯಾದಲ್ಲಿ ಟಾಂಪ್‌ಕಿನ್ಸ್‌ಗೆ ಇರುವಷ್ಟು ಅಧಿಕಾರ ನಮ್ಮಲ್ಲಿ ಯಾರಿಗೂ ಇಲ್ಲ. ಅವನು ಸಣ್ಣ ತಂಡಗಳನ್ನು ಮಂತ್ರಿಯ ಕಣ್ಣಿಗೆ ಬೀಳದಂತೆ ಕಾಪಾಡುತ್ತಾನೆ. ನಮ್ಮಲ್ಲಿ ಪ್ರತಿಯೊಬ್ಬರ ಪ್ರತಿ ಗಂಟೆಗೂ ಲೆಕ್ಕವಿದೆ. ಕೋಡ್ ಬರೆಯುವುದನ್ನು ಆದಷ್ಟು ತಡವಾಗಿ ಶುರುಮಾಡಿ, ಅಲ್ಲಿಯವರೆಗೆ ವಿನ್ಯಾಸವನ್ನೇ ಸೂಕ್ಷ್ಮವಾಗಿ ಬೆಳೆಸಿ ಎಂಬ ಅವನ ಬಳಗದ ಸಲಹೆ ನಮ್ಮ ಕೆಲಸಕ್ಕೆ ಹೊಂದಲಿಲ್ಲ. ಗ್ರಾಹಕರು ಪರದೆಯ ಮೇಲೆ ಏನಾದರೂ ಕಾಣುವವರೆಗೆ ತಮಗೆ ಬೇಕಾದದ್ದನ್ನು ಸರಿಯಾಗಿ ಹೇಳುತ್ತಲೇ ಇರಲಿಲ್ಲ. ಕತೆಯಲ್ಲಿ ಬರುವ ತಜ್ಞರು ಬಂದ ಕೂಡಲೇ ಉತ್ತರ ಕೊಟ್ಟು ಹೋಗುವುದೂ ನನಗೆ ಒಪ್ಪಿಗೆಯಾಗಲಿಲ್ಲ. ಆದರೆ ಬೆಲಿಂಡಾ ಎಂಬ ಪಾತ್ರ ಮರೆಯಲಾರದ್ದು. ಅಸಾಧಾರಣ ಮ್ಯಾನೇಜರ್ ಆಗಿದ್ದವಳು ದುಡಿದು ದುಡಿದು ಬೆಂದುಹೋಗಿ ಎಲ್ಲವನ್ನೂ ಬಿಟ್ಟು ಬೀದಿಯಲ್ಲಿರುತ್ತಾಳೆ. ಟಾಂಪ್‌ಕಿನ್ಸ್ ಅವಳನ್ನು ಹುಡುಕಿ ಕರೆತರುತ್ತಾನೆ. ನಮ್ಮ ವೃತ್ತಿಯಲ್ಲಿ ಅಂಥವರನ್ನು ಹುಡುಕಿಕೊಂಡು ಹೋಗುವವರು ಕಡಿಮೆ.

ಟಾಂಪ್‌ಕಿನ್ಸ್ ಪ್ರತಿ ಹಂತದಲ್ಲೂ ಕಲಿತದ್ದನ್ನು ದಿನಚರಿಯಲ್ಲಿ ಬರೆಯುತ್ತಾನೆ. ಎರಡನೆಯ ಸಲ ಓದುವಾಗ ನಾನೂ ಒಂದು ಇನ್ನೂರು ಪುಟದ ಪುಸ್ತಕ ಕೊಂಡೆ. ಕನ್ನಡದಲ್ಲೇ ಬರೆದೆ. ಇಂಗ್ಲಿಷಿನಲ್ಲಿ ಬರೆಯಲು ಹೋದರೆ ತರಬೇತಿಯ ಪದಗಳೇ ಬಂದು ಕೂರುತ್ತಿದ್ದವು, ಕನ್ನಡದಲ್ಲಿ ನಡೆದದ್ದನ್ನೇ ಬರೆಯಬೇಕಾಗುತ್ತಿತ್ತು. "ಇಂದು ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಒಪ್ಪಿಗೆ ಎಂದುಕೊಂಡೆ. ಒಪ್ಪಿಗೆಯಲ್ಲ" ಎಂಬಂಥ ಸಾಲುಗಳು.

ಮರುವರ್ಷ ಅದೇ ಗ್ರಾಹಕರು ಎರಡನೆಯ ಹಂತದ ಕೆಲಸ ಕೊಟ್ಟರು. ಮತ್ತೆ ಗುರುವಾರದ ಸಂಜೆ, ಅದೇ ಕೋಣೆ. ಯಾವಾಗ ಮುಗಿಯುತ್ತದೆ ಎಂದು ಅತ್ತ ಕಡೆಯಿಂದ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಬೀದರಿನ ಹುಡುಗಿ ಫೋನಿನತ್ತ ಬಾಗಿ, ಈ ಪ್ರಶ್ನೆಗೆ ನಮ್ಮಲ್ಲಿ ಇನ್ನೂ ಉತ್ತರವಿಲ್ಲ, ಎರಡು ವಾರ ಕೊಟ್ಟರೆ ಲೆಕ್ಕ ಹಾಕಿ ಹೇಳುತ್ತೇವೆ ಎಂದಳು. ಅತ್ತ ತುಸು ಹೊತ್ತು ಮೌನ. ಆಮೇಲೆ "ಆಗಲಿ" ಎಂದರು.

ಹೊರಗೆ ಬರುವಾಗ ಅವಳ ಚೀಲದಿಂದ ಆ ಹಳೆಯ ಪುಸ್ತಕದ ಬೆನ್ನು ಇಣುಕುತ್ತಿತ್ತು. ಮುಗಿಯಿತೇ ಎಂದು ಕೇಳಿದೆ. "ಇನ್ನೂ ನೂರು ಪುಟವಿದೆ, ಮೇಡಂ. ಕೊನೆಗೆ ಏನಾಯಿತೆಂದು ಹೇಳಬೇಡಿ" ಎಂದಳು.